ಗೇಟಿನ ಒಳಗೆ ಹೋದವನು

ಟೆಂಟರ್ ಬೀದಿ, ಆಲ್ಡರ್‌ಶಾ
೧೯ ಫೆಬ್ರವರಿ ೧೯೬೨

ಮ್ಯೂರಿಯಲ್,

ಲಕೋಟೆಯ ಮೇಲೆ ಮಾರಾ ವೇನ್ ಎಂದೇ ಬರೆದಿದ್ದೇನೆ. ಪೋಸ್ಟರಿನಲ್ಲಿರುವ ಹೆಸರು ಅದು. ಬೇರೆ ಹೆಸರು ಬರೆದರೆ ನಿನ್ನ ಲಂಡನ್ ಮನೆಯ ಬಾಗಿಲು ಕಾಯುವವನು ಕಾಗದವನ್ನು ಒಲೆಗೆ ಹಾಕಿಬಿಟ್ಟಾನು. ಒಳಗೆ ಮಾತ್ರ ನೀನು ಮ್ಯೂರಿಯಲ್ ಬೂತ್‌ರಾಯ್ಡ್, ಮಗ್ಗದ ಜೋ ಬೂತ್‌ರಾಯ್ಡನ ದೊಡ್ಡ ಮಗಳು, ನನ್ನ ಅಕ್ಕ.

ಶನಿವಾರ ರೀಗಲ್ ಟಾಕೀಸಿಗೆ ನಿನ್ನ ಸಿನಿಮಾ ಬಂತು. ಇಡೀ ಬೀದಿಯೇ ಮೊದಲ ಆಟಕ್ಕೆ ಹೋಯಿತು. ಅಮ್ಮ ಭಾನುವಾರ ಚಾಪೆಲ್ ಪ್ರಾರ್ಥನೆಗೆ ಹಾಕುವ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾನೂ ಕ್ಲೆಮೆಂಟನೂ ಅವಳಿಂದ ದೂರ, ಹಿಂದೆ. ನಾನು ಅವನನ್ನು ಮದುವೆಯಾದ ಮೇಲೆ ಅಮ್ಮ ನಮ್ಮ ಜೊತೆ ಒಂದೇ ಸಾಲಿನಲ್ಲಿ ಕೂರುವುದಿಲ್ಲ, ಅದು ನಿನಗೆ ಗೊತ್ತಿರುವ ವಿಚಾರ. ಅವನು ಪಾಳಿ ಬದಲಾಯಿಸಿಕೊಂಡು ಬಂದಿದ್ದ. ಅಂಗಿ ತಾನೇ ಇಸ್ತ್ರಿ ಮಾಡಿಕೊಂಡಿದ್ದ. ತಾನೂ ಪರದೆಯ ಮೇಲೆ ಬರುತ್ತೇನೆಂದು ನಮ್ಮ ಮಗಳು ಯೂನಿಸ್‌ಗೆ ಹೇಳಿ ಹೇಳಿ ಮಗುವಿಗೆ ಜ್ವರ ಬರುವಷ್ಟು ಖುಷಿ ಹಿಡಿಸಿದ್ದ.

ಮಿಲ್ಲಿನ ಚಿಮಣಿ ಕಂಡಾಗ ಜನ ಚಪ್ಪಾಳೆ ಹೊಡೆದರು. ಹಿತ್ತಿಲ ಸಾಲು ಕಂಡಾಗ ಯಾರೋ "ಅಗೋ, ನಮ್ಮ ಕಕ್ಕಸು!" ಅಂತ ಕೂಗಿದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಗೇಟಿನ ದೃಶ್ಯ ಬಂತು. ಅಲ್ಲಿಂದ ಮುಂದೆ ನಮ್ಮ ಸುತ್ತ ಯಾರೂ ನಗಲಿಲ್ಲ. ಕ್ಲೆಮೆಂಟ್ ಎದ್ದು ಟೋಪಿ ಹಾಕಿಕೊಂಡು ಹೊರಗೆ ಹೋದ. ನಾನು ಕೊನೆಯವರೆಗೂ ಕೂತೆ, ನೀನು ಎಲ್ಲಿಯವರೆಗೆ ಹೋಗುತ್ತೀಯೋ ನೋಡೋಣವೆಂದು.

ಏನು ಮಾಡಿದ್ದೀಯೆಂದು ನಿನಗೆ ಗೊತ್ತು. ನಾನು ಬಿಡಿಸಿ ಬರೆಯುವುದಿಲ್ಲ. ನಿನ್ನ ಬಾಯಿಂದಲೇ ಬರಲಿ.

ಫ್ರೀಡಾ


ಲಂಡನ್
೨ ಮಾರ್ಚ್ ೧೯೬೨

ಪ್ರೀತಿಯ ಫ್ರೀಡಾ,

ನಿನ್ನ ಕಾಗದ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೀನು ಸಿಟ್ಟಾಗುತ್ತೀಯೆಂದು ಗೊತ್ತಿತ್ತು. ತಲೆಗೆ ಕರ್ಲರ್ ಸುತ್ತಿಕೊಂಡು ಮೆಟ್ಟಿಲು ಉಜ್ಜುವ ದೃಶ್ಯ, ಲೋಟದಲ್ಲಿ ಅಮ್ಮನ ಹಲ್ಲುಸೆಟ್ಟು, ಹಿತ್ತಿಲ ಕಕ್ಕಸು. ನಿನ್ನ ಮಾನ ಹೋಯಿತು, ಅಲ್ಲವೇ? ಎಲ್ಲರಿಗೂ ಅದು ನೀನೇ ಎಂದು ಗೊತ್ತಾಯಿತು. ನೋಡು, ನಾನು ಅದನ್ನೆಲ್ಲ ನಾಚಿಕೆಯಿಲ್ಲದೆ ಮಾಡಿದ್ದೇನೆ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ ಎನ್ನುವುದೇ ಆ ಸಿನಿಮಾದ ಅರ್ಥ.

ಇಷ್ಟು ವರ್ಷ ನಾನು ಇಲ್ಲಿ ಏನು ಮಾಡುತ್ತಿದ್ದೆ ಗೊತ್ತೇ ನಿನಗೆ? ಟ್ರೇ ಹೊತ್ತೆ. ನಾಟಕವಾಗಲಿ ಸಿನಿಮಾವಾಗಲಿ, ಪರದೆ ಸರಿದರೆ ದೊಡ್ಡಮನೆಯ ಹಜಾರ, ನಾನು ಟ್ರೇ ಹಿಡಿದು ಬಂದು "ಚಹಾ ತಂದಿದ್ದೇನಮ್ಮ" ಎಂದು ಹೇಳಿ ಹೋಗಬೇಕು. ಆ ಒಂದು ಮಾತಿಗೂ ಜನ ನಗುತ್ತಿದ್ದರು, ನನ್ನ ಉಚ್ಚಾರಕ್ಕೆ. ಅದನ್ನು ಕಳೆದುಕೊಳ್ಳಲು ಬಾಯಿಯಲ್ಲಿ ಬಾಟಲಿಯ ಬಿರಡೆ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಈಗ ನಿರ್ದೇಶಕ ರಾಡ್ರಿಕ್ ಪೇನ್ ಬಂದು ಅದೇ ಉಚ್ಚಾರ ಬೇಕು, ಅದೇ ಬೀದಿ ಬೇಕು, ಅಲ್ಲಿನವರನ್ನು ಮನುಷ್ಯರ ಹಾಗೆ ತೋರಿಸೋಣ ಎಂದ. ಪತ್ರಿಕೆಗಳು ಏನು ಬರೆದಿವೆ ಓದು: "ಇಂಗ್ಲೆಂಡಿನ ದುಡಿಯುವ ಜನ ಮೊದಲ ಬಾರಿಗೆ ತಮ್ಮದೇ ಮುಖದಲ್ಲಿ." ನಮ್ಮಂಥವರ ಬಗ್ಗೆ, ಫ್ರೀಡಾ. ಟೆಂಟರ್ ಬೀದಿಗೆ ಅದು ನುಂಗಲಾಗದಿದ್ದರೆ ತೊಂದರೆ ಟೆಂಟರ್ ಬೀದಿಯದ್ದು.

ಕ್ಲೆಮೆಂಟ್ ಎದ್ದು ಹೋದದ್ದು ನೀನು ಮುಖ ಗಂಟಿಕ್ಕಿ ಕೂತಿದ್ದಕ್ಕೇ ಇರಬೇಕು. ಅವನು ಚೆನ್ನಾಗಿ ಬಂದಿದ್ದಾನೆಂದು ಹೇಳು. ಅವನ ನಡಿಗೆಯನ್ನು ಕ್ಯಾಮೆರಾದವರು ಬಹಳ ಮೆಚ್ಚಿಕೊಂಡರು.

ನಿನ್ನ ಅಕ್ಕ,
ಮ್ಯೂರಿಯಲ್


ಆಲ್ಡರ್‌ಶಾ
೬ ಮಾರ್ಚ್ ೧೯೬೨

ಮ್ಯೂರಿಯಲ್,

ಅವನ ನಡಿಗೆ! ಆ ಸಾಲನ್ನು ಅವನಿಗೆ ಓದಿ ಹೇಳಲಿಲ್ಲ. ಓದಿದ್ದರೆ ಅವನು ನಗುತ್ತಿದ್ದ. ಆ ನಗುವನ್ನು ನೋಡುವ ಶಕ್ತಿ ನನಗಿಲ್ಲ.

ಕರ್ಲರ್ ಬಗ್ಗೆ ನಾನು ಒಂದು ಮಾತನ್ನೂ ಆಡಿರಲಿಲ್ಲ. ದಿನಾ ಸುತ್ತಿಕೊಳ್ಳುತ್ತೇನೆ, ಇಡೀ ಊರು ನೋಡಿದೆ. ಹೋಗಲಿ, ನಿನಗೆ ಅರ್ಥವಾಗಿಲ್ಲ ಎಂದೇ ಇಟ್ಟುಕೊಂಡು ಬಿಡಿಸಿ ಬರೆಯುತ್ತೇನೆ.

ನಿನ್ನ ಸಿನಿಮಾಕ್ಕೆ ಕಥೆಯಾದ ನಮ್ಮ ಮಿಲ್ಲಿನ ಆ ಚಳಿಗಾಲದ ಮುಷ್ಕರ ಹೇಗೆ ಶುರುವಾಯಿತೆಂದು ನಾನೇ ನಿನಗೆ ಅಡುಗೆಮನೆಯಲ್ಲಿ ಕೂತು ಹೇಳಿದ್ದೆ. ಬಣ್ಣದ ವಿಭಾಗದಲ್ಲಿ ಕಟಾಂಜನ ಮುರಿದ ಕೊಪ್ಪರಿಗೆಗೆ ಉಕ್ರೇನಿನ ಮುದುಕ ಪೆಟ್ರೋ ಜಾರಿ ಸೊಂಟದವರೆಗೆ ಬೆಂದುಹೋದ. ಮೇಸ್ತ್ರಿ ಅವನನ್ನು ಬದಿಗೆ ಹಾಕಿಸಿ ಕೆಲಸ ಮುಂದುವರಿಸಿ ಎಂದ. ಕ್ಲೆಮೆಂಟ್ ಬಣ್ಣ ತಿರುವುವ ಕೋಲನ್ನು ಕೆಳಗೆ ಹಾಕಿ, "ನಾನು ಮಾಡಲ್ಲ ಸ್ವಾಮಿ" ಎಂದು ಹೊರಗೆ ನಡೆದ. ಮೊದಲು ಅವನು. ಅವನ ಹಿಂದೆ ಜಮೈಕಾದವರು, ಪಾಕಿಸ್ತಾನದವರು, ಪೋಲೆಂಡಿನವರು, ರಾತ್ರಿಪಾಳಿಯ ಎಲ್ಲರೂ. ಬೆಳಗ್ಗೆ ನಾವು ಮಗ್ಗದ ಹೆಂಗಸರು ಬಂದಾಗ ಗೇಟಿನ ಹೊರಗೆ ಇದ್ದವರು ಅವರು. ನಮ್ಮೂರ ಗಂಡಸರು ಆಮೇಲೆ ಬಂದರು, ಅದೂ ಹೆಂಡಂದಿರ ಮುಖ ನೋಡಿ. ಕ್ಲೆಮೆಂಟನ ಫ್ಲಾಸ್ಕಿನ ಚಹಾ ಕುಡಿಯುತ್ತ ನಿಂತಿದ್ದರು.

ನಿನ್ನ ಸಿನಿಮಾದಲ್ಲಿ ಕೋಲು ಕೆಳಗೆ ಹಾಕುವವನು ಬೆಳ್ಳಗಿನ ಚೆಲುವ. ಅವನ ಹಿಂದೆ ಹೋಗುವವರೂ ಬೆಳ್ಳಗಿನವರೇ. ಪೆಟ್ರೋನ ಹೆಸರು ಪೀಟರ್. ಇಡೀ ಮಿಲ್ಲಿನಲ್ಲಿ ಒಬ್ಬನೇ ಒಬ್ಬ ಕರಿಯ. ಅವನಿಗೆ ಮಾತಿಲ್ಲ. ಕಾಲರ್ ಎತ್ತಿಕೊಂಡು, ತಲೆ ತಗ್ಗಿಸಿಕೊಂಡು, ಮುಷ್ಕರದವರು "ದ್ರೋಹಿ, ದ್ರೋಹಿ" ಎಂದು ಕೂಗುತ್ತಿರುವಾಗ ಗೇಟಿನ ಒಳಗೆ ಹೋಗುತ್ತಾನೆ. ಅದು ನನ್ನ ಗಂಡ, ಅವನದೇ ಕೋಟಿನಲ್ಲಿ.

ಚಿತ್ರೀಕರಣದ ದಿನ ಅಲ್ಲಿ ಯಾರೂ ಕೂಗುತ್ತಿರಲಿಲ್ಲ. ಬೆಳಗ್ಗೆ ಕೆಲಸಕ್ಕೆ ಹೋಗುವ ದೃಶ್ಯ ಎಂದುಕೊಂಡಿದ್ದ ಅವನು. "ಚಳಿ ಅಂತ ತಲೆ ತಗ್ಗಿಸಿ ನಡಿ" ಎಂದರಂತೆ. ಜೂನ್ ತಿಂಗಳಲ್ಲಿ ಬೆವರು ಸುರಿಸಿಕೊಂಡು ನಡೆದ.

ನಮ್ಮಂಥವರು ಎಂದು ಬರೆದಿದ್ದೀಯಲ್ಲ, ಯಾರು ಅವರು? ಆ ಪಟ್ಟಿಗೆ ನನ್ನ ಮಗಳು ಸೇರುತ್ತಾಳೋ ಇಲ್ಲವೋ?

ಒಂದು ಕೆಲಸ ಮಾಡು. ಏಪ್ರಿಲ್‌ನಲ್ಲಿ ಬಣ್ಣದ ವಿಭಾಗದ ಯೂನಿಯನ್ ಪ್ರತಿನಿಧಿಯ ಆಯ್ಕೆ ಇದೆ. ಕ್ಲೆಮೆಂಟ್ ನಿಂತಿದ್ದಾನೆ, ಗೆಲ್ಲುವವನೂ ಆಗಿದ್ದ. ಈಗ ಜನ ಬೇರೆ ಮಾತಾಡುತ್ತಿದ್ದಾರೆ. ಯೂನಿಯನ್ ಶಾಖೆಗೆ ಎರಡು ಸಾಲು ಬರೆದು ಕಳಿಸು: ಅದು ಕಟ್ಟುಕಥೆ, ಅವನಿಗೆ ತಿಳಿಸದೆ ತೆಗೆದ ದೃಶ್ಯ ಎಂದು. ಮಾರಾ ವೇನ್ ಎಂದು ಸಹಿ ಹಾಕು. ಆ ಹೆಸರನ್ನು ಅವರು ನಂಬುತ್ತಾರೆ.

ಫ್ರೀಡಾ ಲಿಬರ್ಡ್


ಲಂಡನ್
೩೦ ಮಾರ್ಚ್ ೧೯೬೨

ಫ್ರೀಡಾ,

ತಡವಾಯಿತು, ಕೆಲಸವಿತ್ತು.

ಬರೆದುಕೊಡಲು ಆಗುವುದಿಲ್ಲ. ಚಿತ್ರದ ಬಗ್ಗೆ ಕಂಪನಿಯವರನ್ನು ಕೇಳದೆ ಹೊರಗೆ ಏನೂ ಹೇಳುವಂತಿಲ್ಲ ಎಂದು ಕರಾರಿದೆ. ವಸಂತದಲ್ಲಿ ಇನ್ನೊಂದು ಚಿತ್ರ ಶುರುವಾಗಬೇಕು, ಮುಂದಿನ ವರ್ಷದ ವಸಂತದಲ್ಲಿ, ಅದರಲ್ಲೂ ನನಗೇ ಮುಖ್ಯ ಪಾತ್ರ. ಈಗ ನಾನು ರಗಳೆ ತೆಗೆದರೆ ಮತ್ತೆ ಟ್ರೇ ಹೊರುವುದೇ.

ಯಾವ ದೃಶ್ಯದ ಪಕ್ಕ ಯಾವುದನ್ನು ಅಂಟಿಸುತ್ತಾರೆಂಬುದು ನಟಿಯ ಕೈಯಲ್ಲಿರುವುದಿಲ್ಲ. ಅದೆಲ್ಲ ಕೋಣೆಯೊಳಗೆ ಕತ್ತರಿ ಹಿಡಿದವರ ಕೆಲಸ. ನನ್ನನ್ನು ಕೇಳಿ ಮಾಡಿದ್ದಲ್ಲ.

ರಾಡ್ರಿಕ್ ಹೇಳುವುದನ್ನೂ ಒಮ್ಮೆ ಯೋಚಿಸು. ಒಂದು ಸಿನಿಮಾಕ್ಕೆ ಒಂದು ಸಂಕಟ ಸಾಕು ಎನ್ನುತ್ತಾನೆ ಅವನು. ನಾಯಕ ಕರಿಯನಾದರೆ ಅದು ಬಣ್ಣದ ಬಗೆಗಿನ ಸಿನಿಮಾ ಆಗುತ್ತದೆ, ಕಾರ್ಮಿಕರ ಬಗೆಗಿನದ್ದು ಆಗುವುದಿಲ್ಲ. ಜನರಿಗೆ ಗೊಂದಲ. ಮೊದಲು ನಮ್ಮನ್ನು ಬಾಗಿಲೊಳಗೆ ಬಿಡಲಿ, ಆಮೇಲೆ ಕ್ಲೆಮೆಂಟನಂಥವರ ಸರದಿಯೂ ಬರುತ್ತದೆ.

ನಿನಗೆ ಒಂದು ಮಾತು ಹೇಳುತ್ತೇನೆ, ಸಿಟ್ಟು ಬಂದರೆ ಬರಲಿ. ನಾನು ಊರು ಬಿಡುವಾಗ ಅಪ್ಪ ನನ್ನ ಜೊತೆ ಸ್ಟೇಷನ್ನಿಗೂ ಬರಲಿಲ್ಲ. "ದೊರೆಸಾನಿ ಆಗೋಕೆ ಹೊರಟಿದಾಳೆ" ಎಂದು ಕ್ಲಬ್ಬಿನಲ್ಲಿ ಕೂತು ನಕ್ಕನಂತೆ. ನೀನು ಅವನ ಜೊತೆ ಊರಲ್ಲೇ ಇದ್ದೆ. ನನ್ನ ಪರವಾಗಿ ಆಗ ಯಾರಿಗೆ ಎರಡು ಸಾಲು ಬರೆದೆ?

ಮ್ಯೂರಿಯಲ್


ಆಲ್ಡರ್‌ಶಾ
೧೫ ಏಪ್ರಿಲ್ ೧೯೬೨

ಮ್ಯೂರಿಯಲ್,

ಆಗ ನಾನು ಶಾಲೆಗೆ ಹೋಗುತ್ತಿದ್ದ ಹುಡುಗಿ. ನೀನು ಹೋದ ಮೇಲೆ ನಿನ್ನ ದಿಂಬು ತಬ್ಬಿಕೊಂಡು ಮಲಗುತ್ತಿದ್ದೆ. ಆ ವಿಷಯ ಅಷ್ಟಕ್ಕೇ ಇರಲಿ.

ಕ್ಲೆಮೆಂಟ್ ಸೋತ. ಹ್ಯಾರಿ ಸಗ್ಡೆನ್ ಗೆದ್ದ. ಸಭೆಯಲ್ಲಿ ಏನಾಯಿತೆಂದು ಕೇಳು.

ಹ್ಯಾರಿ ಎದ್ದು ನಿಂತು, "ನಂಗೆ ಇವನ ಮೇಲೆ ವೈಮನಸ್ಸಿಲ್ಲಪ್ಪ. ಆದ್ರೆ ಆವತ್ತು ಬೆಳಗ್ಗೆ ಇವನು ಗೇಟಿನೊಳಗೆ ಹೋಗಿದ್ದು ನಾನೇ ಕಣ್ಣಾರೆ ಕಂಡಿದೀನಿ" ಎಂದ.

ಕ್ಲೆಮೆಂಟ್ ಹೇಳಿದ: "ಹ್ಯಾರಿ, ನೀನು ಕಂಡಿದ್ದು ಟಾಕೀಸಲ್ಲಿ. ಗೇಟಿನ ಹತ್ರ ನೀನು ನನ್ನ ಪಕ್ಕ ನಿಂತು ನನ್ನ ಚಹಾ ಕುಡೀತಿದ್ದೆ."

"ಚಹಾನಾ? ನಿನ್ನ ಚಹಾ ನಾನ್ಯಾಕಪ್ಪ ಕುಡೀಲಿ?"

ಜನ ನಕ್ಕರು. ಹ್ಯಾರಿ ಸುಳ್ಳು ಹೇಳುತ್ತಿದ್ದಾನೆ ಎಂದು ನಾನು ಮೊದಲು ಅಂದುಕೊಂಡೆ. ಅಲ್ಲ, ಮ್ಯೂರಿಯಲ್. ಅವನ ಮುಖ ನೋಡಿದೆ. ಅವನು ನಂಬಿದ್ದಾನೆ. ಅಲ್ಲಿದ್ದ ಅರ್ಧಕ್ಕರ್ಧ ಜನರ ತಲೆಯಲ್ಲಿ ಆ ಚಳಿಗಾಲ ಅಳಿಸಿಹೋಗಿ ನಿನ್ನ ಸಿನಿಮಾ ಕೂತಿದೆ. ಅಮ್ಮನೂ ಹಾಗೇ. "ಅಷ್ಟು ದೊಡ್ಡ ಕ್ಯಾಮೆರಾ ಇಟ್ಕೊಂಡು ಸುಳ್ಳು ತೋರಿಸ್ತಾರೇನೇ?" ಎಂದು ನನ್ನನ್ನೇ ಕೇಳುತ್ತಾಳೆ.

ಒಂದು ಸಿನಿಮಾಕ್ಕೆ ಒಂದು ಸಂಕಟ ಸಾಕಂತೆ! ಕ್ಲೆಮೆಂಟ್ ಕಾರ್ಮಿಕನಲ್ಲ, ಬರೀ ಬಣ್ಣ. ನಾಯಕನಾಗಲು ಅವನ ಬಣ್ಣ ಗೊಂದಲ ಮಾಡುತ್ತದೆ, ದ್ರೋಹಿಯಾಗಲು ಗೊಂದಲ ಮಾಡಲಿಲ್ಲ. ಇದನ್ನು ನಿನ್ನ ರಾಡ್ರಿಕ್‌ಗೆ ಹೇಳು. ಕೂಲಿಯವರ ಕೋಟು ಹಾಕಿಕೊಂಡು ನಮ್ಮ ಪಬ್ಬಿನಲ್ಲಿ ಕೂತು ಬಿಯರ್ ತುಟಿಗೂ ಸೋಕಿಸದೆ ಬಿಡುತ್ತಿದ್ದ ಮಹಾನುಭಾವನಿಗೆ.

ಸೋತ ಮರುದಿನದಿಂದ ಕ್ಲೆಮೆಂಟ್ ಒಂದು ಕೆಲಸ ಶುರುಮಾಡಿದ್ದಾನೆ. ಇಲ್ಲಿ ನಿನ್ನ ಸಿನಿಮಾ ಇನ್ನೂ ಓಡುತ್ತಿದೆ; ಸಂಜೆಯ ಆಟ ಬಿಡುವ ಹೊತ್ತಿಗೆ ಅದೇ ಕೋಟು ಹಾಕಿಕೊಂಡು ರೀಗಲ್ ಬಾಗಿಲಲ್ಲಿ ನಿಲ್ಲುತ್ತಾನೆ. ಹೊರಗೆ ಬರುವವರಿಗೆ ಟೋಪಿ ಎತ್ತಿ, "ಗುಡ್ ಈವ್ನಿಂಗ್. ಈಗ ಗೇಟಿನೊಳಗೆ ಹೋದ್ನಲ್ಲ, ಅವನು ನಾನೇ. ನಿಜವಾಗ್ಲೂ ನಾನು ಹೊರಗಿದ್ದೆ. ಹುಷಾರಾಗಿ ಮನೆಗೆ ಹೋಗಿ" ಎನ್ನುತ್ತಾನೆ. ಬೇರೆ ಏನೂ ಇಲ್ಲ. ಮೊದಲ ದಿನ ಒಬ್ಬ ಅವನ ಮುಖಕ್ಕೆ ವಿನೆಗರ್ ಸುರಿದ ಚಿಪ್ಸ್ ಎಸೆದ. ಕೋಟಿನ ಮೇಲಿನ ವಿನೆಗರ್ ಒರೆಸಿಕೊಂಡು ಮುಂದಿನವರಿಗೆ ಟೋಪಿ ಎತ್ತಿದನಂತೆ. ಎರಡನೆಯ ದಿನದಿಂದ ನಾನೂ ಪಕ್ಕದಲ್ಲಿ ನಿಲ್ಲುತ್ತಿದ್ದೇನೆ. ನಿನ್ನ ಮುಖವನ್ನೇ ಹೋಲುವ ಮುಖ ಬಾಗಿಲಲ್ಲಿ ಕಂಡು ಜನ ಬೆಚ್ಚುತ್ತಾರೆ.

ಫ್ರೀಡಾ ಲಿಬರ್ಡ್


ಲಂಡನ್
೨೧ ಏಪ್ರಿಲ್ ೧೯೬೨

ಫ್ರೀಡಾ,

ಇದನ್ನು ಕೂಡಲೇ ನಿಲ್ಲಿಸಿ.

ಲೀಡ್ಸಿನ ಪತ್ರಿಕೆಯವನು ನಿನ್ನೆ ಫೋನ್ ಮಾಡಿದ್ದ. ಟಾಕೀಸಿನ ಮ್ಯಾನೇಜರ್ ಪೊಲೀಸರನ್ನು ಕರೆದನಂತೆ, ದಾರಿಗೆ ಅಡ್ಡ ನಿಂತ ಎಂದು ಕ್ಲೆಮೆಂಟನನ್ನು ಠಾಣೆಗೆ ಕರೆದೊಯ್ದು ದಂಡ ಹಾಕಿದರಂತೆ. ನೀನು ಯಾಕೆ ಬರೆಯಲಿಲ್ಲ? ಅಪರಿಚಿತನ ಬಾಯಿಂದ ನಾನು ಕೇಳಬೇಕಾಯಿತು. ಈಸ್ಟರ್ ಹಬ್ಬದ ಹೊತ್ತಿನಲ್ಲಿ, ಮನೆ ತುಂಬ ಅತಿಥಿಗಳು.

ನಿಮಗೆ ಇಲ್ಲಿನ ಜನರ ರೀತಿ ಗೊತ್ತಿಲ್ಲ. ಮೇ ತಿಂಗಳಲ್ಲಿ ಪ್ರಶಸ್ತಿಗಳ ತೀರ್ಮಾನ. ಒಬ್ಬ ಹಟಮಾರಿ ಒಂದು ಊರಿನ ಟಾಕೀಸಿನ ಮುಂದೆ ಟೋಪಿ ಎತ್ತಿಕೊಂಡು ನಿಂತಿದ್ದಕ್ಕೆ ನನ್ನ ಹತ್ತು ವರ್ಷದ ದುಡಿಮೆ ಮಣ್ಣಾಗಬೇಕೇ? ಅವನಿಗೆ ಮಾನವಿದೆ, ಒಪ್ಪಿದೆ. ನನಗೂ ಇದೆ.

ಪತ್ರಿಕೆಯವನಿಗೆ ಹೇಳುವಷ್ಟು ಹೇಳಿದ್ದೇನೆ. ನಿಮ್ಮ ಒಳ್ಳೆಯದಕ್ಕೇ. ನಿಮ್ಮ ಮನೆ ಬಾಗಿಲಿಗೆ ಅವರು ಬರಬಾರದೆಂದು.

ಮ್ಯೂರಿಯಲ್


ಆಲ್ಡರ್‌ಶಾ
೩ ಮೇ ೧೯೬೨

ಮಿಸ್ ವೇನ್,

ನಮ್ಮ ಒಳ್ಳೆಯದಕ್ಕೆ ನೀವು ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದೆ. "ಆ ವ್ಯಕ್ತಿ ಯಾರೆಂದು ನನಗೆ ಗೊತ್ತಿಲ್ಲ. ಆಲ್ಡರ್‌ಶಾದಲ್ಲಿ ನನಗೆ ತಾಯಿಯೊಬ್ಬಳೇ ಇದ್ದಾಳೆ." ಅದನ್ನು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ನನ್ನ ಮನೆಯಲ್ಲಿ ಅದಕ್ಕೆ ಜಾಗವಿಲ್ಲ.

ಅದೇ ಸುದ್ದಿ ಓದಿ ಲಂಡನ್ನಿಂದ ಒಬ್ಬರು ರೈಲು ಹತ್ತಿ ನಮ್ಮ ಮನೆಗೆ ಬಂದರು. ಕೆಲ್ವಿನ್ ಬ್ಯಾಪ್ಟಿಸ್ಟ್. ಟ್ರಿನಿಡಾಡಿನವರು, ನಾಟಕದ ನಟ. ನಿಮಗೆ ಪರಿಚಯ. ಮುಖ್ಯ ಬಾಗಿಲಲ್ಲಿ ನಿಂತು, "ನಾನು ನಿಮ್ಮ ಗಂಡನ ಕ್ಷಮೆ ಕೇಳೋಕೆ ಬಂದಿದೀನಮ್ಮ" ಎಂದರು. ಕ್ಲೆಮೆಂಟ್ ಉಪ್ಪು ಮೀನು ಬೇಯಿಸಿ ಹಾಕಿದ. ಉಂಡ ಮೇಲೆ ಅವರು ಹೇಳಿದರು.

ಗೇಟಿನೊಳಗೆ ಹೋಗುವ ಪಾತ್ರಕ್ಕೆ ಮೊದಲು ಗೊತ್ತು ಮಾಡಿದ್ದು ಅವರನ್ನಂತೆ. ಆ ಬೆಳಗ್ಗೆ ಕೈಗೆ ದೃಶ್ಯ ಬರೆದ ಹಾಳೆ ಕೊಟ್ಟರು. ಓದಿದರು. "ಇಡೀ ಚಿತ್ರದಲ್ಲಿ ನಮ್ಮವನು ಒಬ್ಬನೇ, ಅವನೂ ದ್ರೋಹಿಯಾ?" ಎಂದು ಕೇಳಿ, ಹಾಕಿದ್ದ ಕೋಟು ಬಿಚ್ಚಿ ಕುರ್ಚಿಯ ಮೇಲಿಟ್ಟು ಸ್ಟೇಷನ್ನಿಗೆ ಹೋದರು. ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತಾಗ ನೀವು ಹೇಳಿದಿರಂತೆ, "ನನಗೊಬ್ಬ ಗೊತ್ತು. ಅವನು ಹಾಳೆಗೀಳೆ ಕೇಳೋನಲ್ಲ."

ನೀವು ಓಡಿ ಬಂದದ್ದು ನನಗೆ ನೆನಪಿದೆ. ಬಾಗಿಲು ತಟ್ಟದೆ ಒಳಗೆ ಬಂದು, ಅವನ ತೋಳು ಹಿಡಿದು, "ಕ್ಲೆಮೆಂಟ್, ನನಗೋಸ್ಕರ ಬಾರೋ, ಸುಮ್ಮನೆ ನಡೆದರೆ ಸಾಕು" ಎಂದಿರಿ. ಮದುವೆಯಾದ ನಾಲ್ಕು ವರ್ಷದಲ್ಲಿ ಮೊದಲ ಬಾರಿ ನನ್ನ ತವರಿನವರಲ್ಲಿ ಒಬ್ಬರು ಅವನನ್ನು ಮುಟ್ಟಿ ಮಾತಾಡಿಸಿದ್ದು. ಅವನು ಅದಕ್ಕೇ ಬಂದ. ಹೊರಡುವಾಗ ನನಗೆ ಕಣ್ಣು ಹೊಡೆದು, "ನಿಮ್ಮಕ್ಕ ನನ್ನನ್ನ ಮನೆಯವನು ಅಂದ್ಕೊಂಡಿದಾಳೆ ಕಣೇ" ಎಂದ.

ಕತ್ತರಿ ಹಿಡಿದವರು ಮಾಡಿದರೆಂದು ನೀವು ಬರೆದಿರಿ.

ಇನ್ನು ಬರೆಯಬೇಡಿ.

ಮಿಸೆಸ್ ಕ್ಲೆಮೆಂಟ್ ಲಿಬರ್ಡ್


ಲಂಡನ್
೯ ಸೆಪ್ಟೆಂಬರ್ ೧೯೬೨

ಫ್ರೀಡಾ,

ಯೂನಿಸ್‌ಳ ಹುಟ್ಟುಹಬ್ಬಕ್ಕೆ ಕಳಿಸಿದ ಗೊಂಬೆ ಬಿಚ್ಚದೆಯೇ ವಾಪಸ್ಸು ಬಂದಿದೆ. ಮಗುವಿನ ಮೇಲೆ ಹಗೆ ತೀರಿಸಿಕೊಳ್ಳುವುದು ನಿನಗೆ ಶೋಭಿಸುತ್ತದೆಯೇ?

ಚಿತ್ರಕ್ಕೆ ಪ್ರಶಸ್ತಿ ಬಂದದ್ದು ನಿನಗೆ ತಿಳಿದಿರಬೇಕು. ರಾಡ್ರಿಕ್‌ಗೆ ಬಂತು. ನನಗಲ್ಲ.

ಅಮ್ಮನ ಕೆಮ್ಮು ಹೇಗಿದೆ? ಅವಳು ತನ್ನ ಕಾಗದದಲ್ಲಿ ಹವಾಮಾನ ಬಿಟ್ಟು ಬೇರೇನೂ ಬರೆಯುವುದಿಲ್ಲ.

ಮ್ಯೂರಿಯಲ್


ಲಂಡನ್
೨೯ ಅಕ್ಟೋಬರ್ ೧೯೬೨

ಫ್ರೀಡಾ,

ಭಾನುವಾರದ ರೇಡಿಯೋ ನೀನು ಕೇಳಿದೆಯೋ ಇಲ್ಲವೋ ಗೊತ್ತಿಲ್ಲ. ಕೇಳದಿದ್ದರೆ ಊರಿನವರು ಹೇಳಿರುತ್ತಾರೆ. ಅವರು ಅರೆಬರೆ ಹೇಳುವುದಕ್ಕಿಂತ ನಾನೇ ಬರೆಯುತ್ತೇನೆ.

ನಾನೂ ರಾಡ್ರಿಕ್‌ನೂ ಒಟ್ಟಿಗೆ ಕೂತಿದ್ದೆವು. ನೇರ ಪ್ರಸಾರ. ನಡೆಸಿಕೊಡುವವನು, "ಮಿಲ್ಲಿನ ಹುಡುಗಿಯ ಮಾತನ್ನು ಇಷ್ಟು ಸಹಜವಾಗಿ ಹೇಗೆ ಆಡಿದಿರಿ?" ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ರಾಡ್ರಿಕ್ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಶುರುಮಾಡಿದ. "ಇವಳು ನನ್ನ ಹತ್ತಿರ ಬಂದಾಗ ರಾಣಿಯ ಹಾಗೆ ಮಾತಾಡುತ್ತಿದ್ದಳು. ಅಕ್ಷರ ಅಕ್ಷರವಾಗಿ ನಾನೇ ಕಲಿಸಿದೆ. ದುಡಿಯುವವರ ಮಾತು ಕಿವಿಗೆ ಬೀಳಲೆಂದು ಅವರ ನಡುವೆ ಕರೆದುಕೊಂಡು ಹೋದೆ. ಪಾಪ, ಇವಳು ಅಂಥವರನ್ನು ಕಂಡೇ ಇರಲಿಲ್ಲ."

ಮಿಲ್ಲಿನ ಧೂಳು ಕುಡಿದ ಅಪ್ಪನ ಕೆಮ್ಮು ಕೇಳಿಕೊಂಡು ಬೆಳೆದವಳು ನಾನು. ಮೈಕಿನ ಕಡೆಗೆ ಬಾಗಿದೆ.

ನಾನು ಹೇಳಿದ್ದು ಇಷ್ಟು: "ನಾನು ಆಲ್ಡರ್‌ಶಾದ ಮಗ್ಗದವನ ಮಗಳು. ಮರೆತ ಮಾತನ್ನು ಮತ್ತೆ ಕಲಿತದ್ದು ನನ್ನ ತಂಗಿ ಫ್ರೀಡಾ ಲಿಬರ್ಡ್‌ಳ ಅಡುಗೆಮನೆಯಲ್ಲಿ. ಈ ಕಥೆಯೂ ಅವಳದೇ. ಆ ಮುಷ್ಕರದಲ್ಲಿ ಮೊದಲು ಹೊರಗೆ ಬಂದವನು ಅವಳ ಗಂಡ ಕ್ಲೆಮೆಂಟ್ ಲಿಬರ್ಡ್, ನೆವಿಸ್ ದ್ವೀಪದವನು. ಇವರ ಸಿನಿಮಾದಲ್ಲಿ ಗೇಟಿನೊಳಗೆ ಹೋಗುವವನೂ ಅವನೇ. ಯಾಕೆ ನಡೆಯುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು." ಅಷ್ಟರಲ್ಲಿ ಹಾಡು ಹಾಕಿಬಿಟ್ಟರು.

ನನಗೆ ಕೃತಜ್ಞತೆ ಹೇಳಲು ಹೋಗಬೇಡ. ನಿನಗೋಸ್ಕರ ಮಾಡಿದ್ದಲ್ಲ, ನಿನ್ನ ಗಂಡನಿಗೋಸ್ಕರವೂ ಅಲ್ಲ. ರಾಡ್ರಿಕ್‌ನ ಕೈ ನನ್ನ ಮೊಣಕಾಲ ಮೇಲಿತ್ತು, ಅದಕ್ಕೆ. ನೀನು ಹೇಗೂ ಹಾಗೇ ಅಂದುಕೊಳ್ಳುತ್ತೀಯ, ಆದ್ದರಿಂದ ನಾನೇ ಮೊದಲು ಹೇಳಿದ್ದೇನೆ.

ಇವತ್ತು ಬೆಳಗ್ಗೆಯೇ ಫೋನ್ ಬಂತು, ವಸಂತದ ಚಿತ್ರಕ್ಕೆ ಬೇರೆಯವಳನ್ನು ತೆಗೆದುಕೊಂಡರು. ಸರ್ರಿ ಕಡೆಯ ದೊಡ್ಡ ಮನೆತನದ ಹುಡುಗಿ. ನಮ್ಮ ಕಡೆಯ ಮಾತು ಅಭ್ಯಾಸ ಮಾಡಲಿದ್ದಾಳಂತೆ.

ಮ್ಯೂರಿಯಲ್


ಆಲ್ಡರ್‌ಶಾ
೨ ಡಿಸೆಂಬರ್ ೧೯೬೨

ಮ್ಯೂರಿಯಲ್,

ಉತ್ತರ ಬರೆಯಬಾರದೆಂದೇ ಇದ್ದೆ. ಮೊನ್ನೆ ಆದದ್ದನ್ನು ನಿನಗೆ ಯಾರೂ ಸರಿಯಾಗಿ ಹೇಳುವುದಿಲ್ಲವೆಂದು ಬರೆಯುತ್ತಿದ್ದೇನೆ.

ರೇಡಿಯೋ ಕೇಳಿದೆವು. ಕ್ಲೆಮೆಂಟ್ ಗಡ್ಡ ಮಾಡಿಕೊಳ್ಳುತ್ತಿದ್ದ. ನೀನು ಅವನ ಹೆಸರು ಹೇಳಿದಾಗ ಬ್ಲೇಡು ನಿಂತಿತು. ಹಾಡು ಶುರುವಾದ ಮೇಲೆ ಉಳಿದ ಅರ್ಧ ಕೆನ್ನೆ ಮುಗಿಸಿ, ಮುಖ ಒರೆಸಿಕೊಂಡು, ಯೂನಿಸ್‌ಳನ್ನು ಕರೆದುಕೊಂಡು ಪಾರ್ಕಿಗೆ ಹೋದ. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ನಿನ್ನ ಮೇಲಿನ ಮಮತೆಗಲ್ಲ, ಸಿಟ್ಟಿಗೆ.

ಮರುದಿನ ಬೆಳಗ್ಗೆ ಮಿಲ್ಲಿನ ಗೇಟಿನಲ್ಲಿ ಗಂಡಸರೆಲ್ಲ ಅವನ ಬೆನ್ನು ತಟ್ಟಿದರಂತೆ. "ನಮಗೆ ಮೊದಲೇ ಗೊತ್ತಿತ್ತು ಬಿಡಪ್ಪ", "ನಾನಂತೂ ಆ ಸಿನಿಮಾನ ಒಂದು ದಿನಾನೂ ನಂಬಲಿಲ್ಲ." ಅವನ ಮುಖಕ್ಕೆ ಚಿಪ್ಸ್ ಎಸೆದವನು ಸಿಗರೇಟು ಕೊಡಲು ಬಂದ. ಇವರು ಸಿನಿಮಾ ಹೇಳಿತೆಂದು ನಂಬಿದ್ದರು, ಈಗ ರೇಡಿಯೋ ಹೇಳಿತೆಂದು ನಂಬಿದರು. ನಡುವೆ ಅಷ್ಟು ದಿನ ಅವನೇ ಟೋಪಿ ಎತ್ತಿ ಎತ್ತಿ ಹೇಳಿದ್ದು ಒಬ್ಬರ ಕಿವಿಗೂ ಹೋಗಿರಲಿಲ್ಲ. ಹಾಗಾಗಿ ನಿನಗೆ ಕೃತಜ್ಞತೆ ಹೇಳುವ ಪ್ರಶ್ನೆಯೇ ಇಲ್ಲ. ನೀನು ಕೇಳಿಯೂ ಇಲ್ಲ, ಒಳ್ಳೆಯದಾಯಿತು.

ನವೆಂಬರಿನಲ್ಲಿ ಹ್ಯಾರಿ ಸಗ್ಡೆನ್‌ಗೆ ಮಾಲೀಕರು ಮೇಸ್ತ್ರಿ ಕೆಲಸ ಕೊಟ್ಟರು. ಎರಡು ಸಲ ಯೋಚಿಸದೆ ಒಪ್ಪಿಕೊಂಡ. ಪ್ರತಿನಿಧಿಯ ಜಾಗ ಖಾಲಿಯಾಯಿತು. ಆರೇಳು ಜನ ನಮ್ಮ ಮನೆಗೆ ಬಂದು, "ಕ್ಲೆಮ್, ನೀನೇ ಆಗ್ಬೇಕಪ್ಪ. ಚುನಾವಣೆ ಗಿನಾವಣೆ ಯಾಕೆ, ಸುಮ್ನೆ ಹೆಸರು ಬರ್ಕೋತೀವಿ" ಎಂದರು.

"ಬೇಡ, ಸಭೆ ಕರೀರಿ" ಎಂದ ಇವನು.

ಸಭೆ ಶುಕ್ರವಾರ ಪಾಳಿ ಬದಲಾಗುವ ಹೊತ್ತಿಗೆ ಕ್ಯಾಂಟೀನಿನಲ್ಲಿ ನಡೆಯಿತು. ನಾವು ಮಗ್ಗದವರು ಬಾಗಿಲಲ್ಲಿ ನಿಂತು ನೋಡಿದೆವು. ಅಧ್ಯಕ್ಷ ಅವನ ಹೆಸರು ಹೇಳಿ, ಒಪ್ಪುವವರು ಕೈ ಎತ್ತಿ ಎಂದ. ಕೈಗಳು ಮೇಲೆ ಹೋಗತೊಡಗಿದವು. ಕ್ಲೆಮೆಂಟ್ ಎದ್ದ.

"ಒಂದು ನಿಮಿಷ, ಕೈ ಇಳಿಸಿ" ಎಂದ. "ನಾನು ಅಲ್ಲಿ ಮುಂದೆ ನಿಂತ್ಕೋತೀನಿ. ಒಬ್ಬೊಬ್ಬರಾಗಿ ಎತ್ತಿ. ಎತ್ತುವಾಗ ನನ್ನ ಮುಖ ನೋಡಿ. ಕ್ಯಾಮೆರಾ ಹೇಳ್ತು ಅಂತ ಬೇಡ, ರೇಡಿಯೋ ಹೇಳ್ತು ಅಂತಾನೂ ಬೇಡ. ಆವತ್ತು ಗೇಟಿನ ಹತ್ರ ನನ್ನನ್ನ ನೀವು ಎಲ್ಲಿ ನೋಡಿದ್ರಿ ಅನ್ನೋದು ನೆನಪಿದ್ರೆ ಮಾತ್ರ ಎತ್ತಿ. ನೆನಪಿಲ್ಲ ಅಂದ್ರೆ ಸುಮ್ನಿರಿ, ನನಗೇನೂ ಬೇಜಾರಿಲ್ಲ."

ಅಧ್ಯಕ್ಷ, "ಇದೆಲ್ಲ ನಿಯಮದಲ್ಲಿಲ್ಲ ಲಿಬರ್ಡ್" ಎಂದು ಗೊಣಗಿದ. ಕ್ಲೆಮೆಂಟ್ ಮುಂದೆ ಹೋಗಿ, ಕೈ ಹಿಂದೆ ಕಟ್ಟಿಕೊಂಡು, ದೀಪದ ಕೆಳಗೆ ನಿಂತ.

ಮೊದಲು ಎತ್ತಿದ್ದು ಪೆಟ್ರೋ. ಬೆಂದ ಕಾಲನ್ನು ಎಳೆದುಕೊಂಡು ಎದ್ದು ನಿಂತು ಎತ್ತಿದ. ಆಮೇಲೆ ರಾತ್ರಿಪಾಳಿಯವರು, ಒಬ್ಬರ ಹಿಂದೆ ಒಬ್ಬರು. ಅವರಿಗೆ ಅವನ ಮುಖ ನೋಡಲು ಕಷ್ಟವೇ ಇರಲಿಲ್ಲ. ನಮ್ಮೂರವರ ಸರದಿ ಬಂತು. ಮ್ಯೂರಿಯಲ್, ಆ ಹೊತ್ತನ್ನು ನಿನ್ನ ಯಾವ ಕ್ಯಾಮೆರಾವೂ ಹಿಡಿಯಲಾರದು. ದೊಡ್ಡ ದೊಡ್ಡ ಗಂಡಸರು, ಗಿಡ್ಡ ವಾಲ್‌ಶ್‌ನಂಥ ಪುಂಡರು, ಅವನ ಮುಖ ನೋಡಲು ಹೋಗಿ ನೆಲ ನೋಡಿದರು. ಕೆಲವರು ಕಷ್ಟಪಟ್ಟು ತಲೆ ಎತ್ತಿದರು, ಕಣ್ಣಲ್ಲಿ ನೀರಿತ್ತು, ಕೈ ಎತ್ತಿದರು. ಕೆಲವರಿಗೆ ಆಗಲೇ ಇಲ್ಲ. ಮೂವರೋ ನಾಲ್ವರೋ ಟೋಪಿ ಹುಡುಕಿಕೊಂಡು ಎದ್ದು ನಮ್ಮ ಪಕ್ಕದಿಂದಲೇ ಹೊರಗೆ ಹೋದರು. ಬೆನ್ನು ತಟ್ಟಿದ್ದವರೇ ಅವರು. ಸಿಗರೇಟಿನವನೂ ಹೋದ.

ಗೆದ್ದ. ಚಪ್ಪಾಳೆ ಹೊಡೆಯಲು ಯಾರಿಗೂ ಧೈರ್ಯವಾಗಲಿಲ್ಲ. ಅವನೂ ಖುಷಿಯಾಗಿ ಕಾಣಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ, "ಕೈ ಎತ್ತದೆ ಹೋದ್ರಲ್ಲ, ಅವರ ಮೇಲೆ ನಂಗೆ ಒಂಚೂರು ಗೌರವ ಇದೆ ಕಣೇ. ಸುಳ್ಳು ಹೇಳಲಿಲ್ಲ" ಎಂದ. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಬೀದಿಯುದ್ದಕ್ಕೂ ಜಗಳವಾಡಿದೆವು.

ನೀನು ಕ್ರಿಸ್‌ಮಸ್ಸಿಗೆ ಬರುತ್ತೀಯೆಂದು ಅಮ್ಮ ಹೇಳುತ್ತಿದ್ದಾಳೆ. ನಿನ್ನನ್ನು ನಾನು ಕ್ಷಮಿಸಿಲ್ಲ, ಮುಂದೆ ಕ್ಷಮಿಸುತ್ತೇನೆಂದೂ ಅನ್ನಿಸುವುದಿಲ್ಲ. ಆದರೆ ಊರಿಗೆ ಬಂದು ಅಮ್ಮನ ಮನೆಯಲ್ಲಿ ಅಡಗಿ ಕೂರಬೇಡ. ಹಬ್ಬದ ದಿನ ಮಧ್ಯಾಹ್ನ ಅವನು ಮನೆಯಲ್ಲೇ ಇರುತ್ತಾನೆ. ಬಂದು ಬಾಗಿಲು ತಟ್ಟು. ಲಕ್ಷಾಂತರ ಜನರಿಗೆ ಹೇಳಿದ್ದನ್ನು ಅವನೊಬ್ಬನಿಗೆ ಹೇಳು, ಅವನ ಮುಖ ನೋಡಿ.

ಆಗದಿದ್ದರೆ ಬರಬೇಡ. ಅದಕ್ಕೂ ಅವನು ನಿನ್ನನ್ನು ಗೌರವಿಸಿಯಾನು. ನಾನು ಮಾತ್ರ ಗೌರವಿಸುವವಳಲ್ಲ.

ಫ್ರೀಡಾ